‘ಊಟ ಆಯ್ತಾ’ ಅಂದರೆ ‘ಆಯ್ತು’ ಅಂತೀವಿ: ಮಕ್ಕಳ ಊಟದ ಲೆಕ್ಕ ಬರೆಸುವವರಿಗೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯಲ್ಲಿ ಪುಟ್ಟ ಮಕ್ಕಳ ಆಹಾರದ ಸಮೀಕ್ಷೆ ಮಾಡಿಸುವ ಅಧಿಕಾರಿಗಳಿಗೆ, ಅದರ ಫಾರಂ ತಯಾರಿಸುವವರಿಗೆ, ಆ ಫಾರಂ ಹಿಡಿದು ಮನೆ ಮನೆ ಸುತ್ತುವ ಹುಡುಗ ಹುಡುಗಿಯರಿಗೆ,

ನಮಸ್ಕಾರ.

ಹೋದ ತಿಂಗಳು ಒಂದು ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹಾಸನದ ನಮ್ಮ ಮನೆ ಬಾಗಿಲಿಗೆ ಒಬ್ಬ ಹುಡುಗಿ ಬಂದಳು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್, ಮುಖದಲ್ಲಿ ಆಗಲೇ ಹತ್ತು ಮನೆ ಸುತ್ತಿದ ಸುಸ್ತು. ಚಿಕ್ಕ ಮಕ್ಕಳ ಆಹಾರದ ಸಮೀಕ್ಷೆ ಅಂದಳು. ಯಾರು ಕಳಿಸಿದ್ದು ಎಂಬುದು ಇಲ್ಲಿ ಬೇಡ, ಯಾವುದೋ ಒಂದು ಸಂಸ್ಥೆಯನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಮಗಳಿಗೆ ಒಂದು ವರ್ಷ ಎಂಟು ತಿಂಗಳು. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಗುವಿಗೆ ಏನೇನು ಕೊಟ್ಟಿರಿ ಎಂದು ಕೇಳಿದಳು. ನಾನು ಪಟಪಟ ಹೇಳಿದೆ. ಬೆಳಗ್ಗೆ ಹಾಲು, ರಾಗಿ ಸರಿ. ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು, ಮೊಟ್ಟೆ. ಸಂಜೆ ಬಾಳೆಹಣ್ಣು. ರಾತ್ರಿ ಮೊಸರನ್ನ. ಎಂಟು ನಿಮಿಷದಲ್ಲಿ ಮುಗಿಯಿತು. ಹುಡುಗಿ ಥ್ಯಾಂಕ್ಸ್ ಹೇಳಿ ಪಕ್ಕದ ಮನೆಗೆ ಹೋದಳು.

ಅವಳು ಹೋದ ಮೇಲೆ ನೆನಪಾಯಿತು, ಹಿಂದಿನ ದಿನ ಮಧ್ಯಾಹ್ನ ನಾನು ಮನೆಯಲ್ಲೇ ಇರಲಿಲ್ಲ. ಕೆಲಸಕ್ಕೆ ಹೋಗಿದ್ದೆ. ಬೆಳಗ್ಗೆ ಮೊಟ್ಟೆ ಬೇಯಿಸಿಟ್ಟು ಹೋಗಿದ್ದೆ ಅಷ್ಟೇ. ತಿನ್ನಿಸಿದವರು ನಮ್ಮ ಅತ್ತೆ. ಸಮೀಕ್ಷೆಯವಳು ಬಂದಾಗ ಅವರು ಸೊಸೈಟಿಯಲ್ಲಿ ಅಕ್ಕಿಗೆ ಕ್ಯೂ ನಿಂತಿದ್ದರು. ಬಂದ ಮೇಲೆ ಕೇಳಿದೆ. “ಮೊಟ್ಟೆನಾ? ಹಳದೀನ ಉಗಿದ್ಲು ಕಣಮ್ಮ. ಬಿಳೀದು ಅರ್ಧ ತಿಂದ್ಲು. ಉಳಿದಿದ್ದು ನಾನೇ ಬಾಯಿಗೆ ಹಾಕ್ಕೊಂಡೆ, ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ” ಅಂದರು. ಸೊಪ್ಪು? ಸೊಪ್ಪು ಎಲ್ಲಿ, ಬಸ್ಸಾರಿನ ತಿಳಿ ಕಲಸಿದ್ದು. ಬಾಳೆಹಣ್ಣು? ಅದನ್ನು ನನ್ನ ಮಗ ತಿಂದಿದ್ದಾನೆ, ಅವನಿಗೆ ನಾಲ್ಕು ವರ್ಷ, ತಂಗಿಯ ಪಾಲು ಅವನಿಗೆ ಯಾವಾಗಲೂ ಹೆಚ್ಚು ರುಚಿ. ಇನ್ನೊಂದು ವಿಷಯ ನಿಧಾನಕ್ಕೆ ಹೊರಬಂತು. ನಾಲ್ಕು ಗಂಟೆಗೆ ನಮ್ಮ ಮಾವ ಅಂಗಡಿಗೆ ಎತ್ತಿಕೊಂಡು ಹೋಗಿ ಐದು ರೂಪಾಯಿ ಪ್ಯಾಕೆಟ್ ಕೊಡಿಸಿದ್ದರು. ಒಂದೇ ಒಂದು, ಅಷ್ಟೇ ಅಂದರು.

ಅಲ್ಲಿಗೆ ನನ್ನ ಉತ್ತರದಲ್ಲಿ ನಿಜವಾಗಿ ಉಳಿದದ್ದು ಹಾಲು, ರಾಗಿ ಸರಿ, ಅನ್ನ, ಮೊಸರು. ಬೇಕಂತ ಸುಳ್ಳು ಹೇಳಿದ್ದಲ್ಲ. ಅವಳು ಕೇಳಿದ್ದು ‘ಏನು ಕೊಟ್ಟಿರಿ’. ನಾನು ಹೇಳಿದ್ದು ಕೊಟ್ಟಿದ್ದರ ಪಟ್ಟಿ. ಟ್ಯಾಬ್‌ನಲ್ಲಿ ಕೂತದ್ದು ‘ಮಗು ತಿಂದಿದೆ’ ಎಂದು. ಕೊಟ್ಟಿದ್ದಕ್ಕೂ ತಿಂದಿದ್ದಕ್ಕೂ ನಡುವೆ ಒಂದು ಅಜ್ಜಿ, ಒಬ್ಬ ಅಣ್ಣ, ನೆಲ, ಬಟ್ಟೆ, ಕೆಲವು ಮನೆಗಳಲ್ಲಿ ಒಂದು ನಾಯಿ ಇರುತ್ತವೆ.

ನನಗೆ ನಾಚಿಕೆಯಾದದ್ದಕ್ಕೆ ಬೇರೆ ಕಾರಣ ಇದೆ. ಮದುವೆಗೆ ಮುಂಚೆ ಎರಡು ವರ್ಷ ನಾನೂ ಇದೇ ಕೆಲಸ ಮಾಡಿದ್ದೆ. ಆಲೂರು, ಬೇಲೂರು, ಸಕಲೇಶಪುರ, ಆ ಕಡೆ ಅರಸೀಕೆರೆ, ಚನ್ನರಾಯಪಟ್ಟಣ, ಬಸ್ಸು ಹತ್ತಿ ಇಳಿದು ನಡೆದು ಇದೇ ಪ್ರಶ್ನೆ ಕೇಳಿ ಇದೇ ತರಹ ಟಿಕ್ ಹಾಕಿ ಬಂದಿದ್ದೆ. ದಿನಕ್ಕೆ ಇಷ್ಟು ಮನೆ ಮುಗಿಯಬೇಕು ಎಂದು ಟಾರ್ಗೆಟ್ ಇರುತ್ತಿತ್ತು. ಹಾಗಾಗಿ ಈ ಪತ್ರ ಬಾಗಿಲಿನ ಎರಡೂ ಕಡೆ ನಿಂತವಳದ್ದು ಎಂದು ಓದಿಕೊಳ್ಳಿ.

ಈ ಟಿಕ್ಕುಗಳು ಸಣ್ಣ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 6ರಿಂದ 23 ತಿಂಗಳ ಮಕ್ಕಳಲ್ಲಿ ಸರಿಯಾದ ಪ್ರಮಾಣದ ಆಹಾರ ಸಿಗುತ್ತಿರುವುದು ಶೇಕಡಾ 11.3 ಮಕ್ಕಳಿಗೆ ಮಾತ್ರ ಎಂದು ಬಂತಲ್ಲ, ಪೇಪರಿನಲ್ಲೆಲ್ಲ ಓದಿದೆವಲ್ಲ, ಆ ಸಂಖ್ಯೆಯ ಬುಡದಲ್ಲಿರುವುದು ತಾಯಂದಿರ ಬಾಯಿಮಾತು. ನಿನ್ನೆ ಒಂದು ಹಗಲು ಒಂದು ರಾತ್ರಿಯ ನೆನಪು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನವರ ಈಗಿನ ಲೆಕ್ಕದಲ್ಲಿ ಎದೆಹಾಲೂ ಸೇರಿ ಎಂಟು ಗುಂಪಿನ ಆಹಾರಗಳಿವೆ. ಧಾನ್ಯ-ಗೆಡ್ಡೆ, ಕಾಳು-ಬೀಜ, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ಎ ವಿಟಮಿನ್ ಜಾಸ್ತಿ ಇರುವ ಹಣ್ಣು-ಸೊಪ್ಪು-ತರಕಾರಿ, ಬೇರೆ ಹಣ್ಣು-ತರಕಾರಿ. ಅದರಲ್ಲಿ ಐದು ಬಂದರೆ ಮಗು ಪಾಸ್. ಎಷ್ಟು ತಿಂತು ಎಂದು ಅಲ್ಲಿ ಕೇಳುವುದಿಲ್ಲ, ತಿಂತಾ ಇಲ್ಲವಾ ಅಷ್ಟೇ. ನನ್ನ ಮಗಳು ಆ ದಿನ ನನ್ನ ಬಾಯಲ್ಲಿ ಪಾಸಾದಳು. ನಮ್ಮ ಅತ್ತೆಯನ್ನು ಕೇಳಿದ್ದರೆ ಅರ್ಧ ಬಿಳಿ ಮೊಟ್ಟೆಯನ್ನು ಎಣಿಸಿಕೊಂಡರೂ ಫೇಲ್ ಆಗುತ್ತಿದ್ದಳು.

ಈಗ ನಮ್ಮ ಮಾತಿನ ವಿಷಯಕ್ಕೆ ಬರುತ್ತೇನೆ. ಫಾರಂ ಮಾಡುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಕಡೆ ದಾರಿಯಲ್ಲಿ ಎದುರಾದವರನ್ನು ಮಾತಾಡಿಸುವುದೇ ‘ಊಟ ಆಯ್ತಾ’ ಎಂದು. ಉತ್ತರ ‘ಆಯ್ತು, ನಿಮ್ದು?’ ಊಟ ಆಗಿರಲಿ ಬಿಡಲಿ, ಉತ್ತರ ಅದೇ. ‘ಇಲ್ಲ, ಮನೆಯಲ್ಲಿ ಏನೂ ಮಾಡಿಲ್ಲ’ ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ಕೇಳಿದವರಿಗೇ ಮುಜುಗರ. ಮಗುವಿನ ಊಟದ ಬಗ್ಗೆ ಗುರುತಿಲ್ಲದವರು ಬಾಗಿಲಲ್ಲಿ ನಿಂತು ಕೇಳಿದಾಗ ನಮ್ಮ ಬಾಯಿಂದ ಮೊದಲು ಬರುವುದು ಆ ಮರ್ಯಾದೆಯ ಉತ್ತರ. ಮನೆಯ ಮಾನ ಇರುವುದೇ ಅಡುಗೆಮನೆಯಲ್ಲಿ ಅಲ್ವಾ?

ಆದರೆ ಅದೇ ತಾಯಿ ಪಕ್ಕದ ಮನೆಯವರು ಕೇಳಿದರೆ ಉಲ್ಟಾ ಹೇಳುತ್ತಾಳೆ. “ಅಯ್ಯೋ, ಏನೂ ತಿನ್ನಲ್ಲ ಕಣ್ರೀ ನಮ್ಮ ಪಾಪು.” ಮಗು ಚೆನ್ನಾಗಿ ತಿನ್ನುತ್ತೆ ಎಂದು ಬಾಯಿ ಬಿಟ್ಟು ಹೇಳಿದರೆ ದೃಷ್ಟಿ ತಗಲುತ್ತದೆ. ನಾನು ಓದಿದವಳು, ನಾನೂ ಹೀಗೇ ಹೇಳುತ್ತೇನೆ. ಅಂದರೆ ಕೇಳುವವರು ಸರ್ಕಾರದವರು ಅನ್ನಿಸಿದರೆ ಒಂದು ಹಿಡಿ ಜಾಸ್ತಿ, ಊರಿನವರು ಅನ್ನಿಸಿದರೆ ಒಂದು ಹಿಡಿ ಕಮ್ಮಿ, ಏನಾದರೂ ಕೊಡುವವರು ಅನ್ನಿಸಿದರೆ ಇನ್ನೂ ಕಮ್ಮಿ. ನಾನು ಬ್ಯಾಗು ಹಾಕಿಕೊಂಡು ಹೋಗುತ್ತಿದ್ದಾಗ ಎಷ್ಟೋ ಮನೆಯಲ್ಲಿ ಮೊದಲು ಕೇಳುತ್ತಿದ್ದದ್ದು ‘ಏನಮ್ಮ, ಹಿಟ್ಟು ಕೊಡ್ತೀರಾ, ಮೊಟ್ಟೆ ಕೊಡ್ತೀರಾ’ ಎಂದು. ಅದಕ್ಕೆ ನಾನು ಕೊಟ್ಟ ಉತ್ತರದ ಮೇಲೆ ಮುಂದಿನ ಅರ್ಧ ಗಂಟೆಯ ಉತ್ತರಗಳೆಲ್ಲ ನಿಂತಿರುತ್ತಿದ್ದವು.

ಇನ್ನು ‘ಊಟ’ ಎಂಬ ಪದ. ಮಗು ಎಷ್ಟು ಸಲ ಊಟ ಮಾಡಿತು ಎಂದು ಕೇಳಿದರೆ ನಮ್ಮವರು ಅನ್ನ ಅಥವಾ ಮುದ್ದೆ ಇದ್ದದ್ದನ್ನು ಮಾತ್ರ ಎಣಿಸುತ್ತಾರೆ. ಬೆಳಗ್ಗೆಯದು ತಿಂಡಿ, ಅದು ಊಟ ಅಲ್ಲ. ಕಡ್ಲೆಪುರಿ, ಬಿಸ್ಕತ್ತು, ಹುರಿದ ಕಡ್ಲೆಬೀಜ, ಯಾರೋ ಕೊಟ್ಟ ಚಕ್ಕುಲಿ, ಇವೆಲ್ಲ ಬಾಯಾಡಿಸಲು ಕೊಟ್ಟಿದ್ದು. ಅದನ್ನು ತಿಂದಿದ್ದು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಳು ನಿಲ್ಲಿಸಲು ಕೊಟ್ಟಿದ್ದಂತೂ ಔಷಧಿ ಇದ್ದ ಹಾಗೆ. ಹೀಗೆ ಮರೆತುಹೋಗುವುದನ್ನು ನೆನಪಿಸಲೆಂದೇ ಆಹಾರ ತಜ್ಞರು ಒಂದು ಕ್ರಮ ಮಾಡಿಕೊಂಡಿದ್ದಾರೆ. ಒಂದೇ ಸಲ ಕೇಳಿ ಮುಗಿಸುವುದಿಲ್ಲ. ಮೊದಲು ತಾಯಿ ತನಗೆ ತೋಚಿದ್ದನ್ನು ಹೇಳಿ ಮುಗಿಸಬೇಕು, ನಡುವೆ ಬಾಯಿ ಹಾಕಬಾರದು. ಆಮೇಲೆ ಮರೆತಿರಬಹುದಾದದ್ದನ್ನು ಒಂದೊಂದಾಗಿ ಕೇಳುವುದು, ಬಿಸ್ಕತ್ತು, ಸಿಹಿ, ಕುಡಿದದ್ದು. ಆಮೇಲೆ ಯಾವ ಹೊತ್ತಿಗೆ. ಆಮೇಲೆ ಎಷ್ಟು, ಹೇಗೆ ಮಾಡಿದ್ದು. ಕೊನೆಗೆ ಇನ್ನೊಮ್ಮೆ ಮೊದಲಿಂದ ಓದಿ ಹೇಳುವುದು. ಇದಕ್ಕೆ ಎಂಟು ನಿಮಿಷ ಸಾಲುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಬಸ್ಸಾರಿನ ಕಥೆಯೂ ಇಂಥದ್ದೇ. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು, ಉಳಿದ ಸೊಪ್ಪು ಕಾಳು ಪಲ್ಯ. ಪಲ್ಯ ದೊಡ್ಡವರಿಗೆ. ಮಗುವಿಗೆ ಖಾರ ಆಗಬಾರದು ಎಂದು ಮೇಲಿನ ತಿಳಿ. ‘ಸೊಪ್ಪು ಕೊಟ್ಟಿರಾ’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ನಾನೇ ಎಷ್ಟು ಮನೆಯಲ್ಲಿ ಸೊಪ್ಪಿಗೆ ಟಿಕ್ ಹಾಕಿದ್ದೇನೋ. ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ‘ಮಗುವಿಗೆ ಟೀ ಕುಡಿಸ್ತೀರಾ’ ಎಂದು ಕೇಳಿದೆ. ಇಲ್ಲ ಅಂದರು. ನಿಜವೇ. ಆ ಮಗು ಕುಡಿಯುತ್ತಿದ್ದದ್ದು ಕಾಫಿ, ಲೋಟ ನನ್ನ ಕಣ್ಣ ಮುಂದೆಯೇ ಇತ್ತು.

ಅಳತೆಯ ಮಾತಂತೂ ಕೇಳಲೇಬೇಡಿ. ನಮ್ಮ ಅತ್ತೆ ಅರಸೀಕೆರೆ ಕಡೆಯವರು, ನನ್ನ ತವರು ಸಕಲೇಶಪುರದ ಹತ್ತಿರ. ಅಲ್ಲಿಯ ಅರ್ಧ ಮುದ್ದೆ, ನಮ್ಮ ಕಡೆಯ ಒಂದು ಕಡುಬು, ಎರಡನ್ನೂ ಒಂದೇ ಫಾರಂನಲ್ಲಿ ‘ಒಂದು ಬಟ್ಟಲು’ ಎಂದು ಬರೆದರೆ ಯಾರ ಬಟ್ಟಲು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇದಕ್ಕೆಂದೇ ಅಳತೆಯ ಬಟ್ಟಲು ಚಮಚಗಳನ್ನು ಬಳಸುತ್ತಾ ಬಂದವರು. 1972ರಲ್ಲಿ ಶುರುವಾದ ರಾಷ್ಟ್ರೀಯ ಪೋಷಣಾ ಮೇಲ್ವಿಚಾರಣಾ ಬ್ಯೂರೋದವರು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹಳ್ಳಿಗಳಲ್ಲಿ ತಕ್ಕಡಿ ಹಿಡಿದು ಅಡುಗೆಗೆ ಮುಂಚೆ ಅಕ್ಕಿ ಬೇಳೆ ತೂಗಿದ್ದೂ ಇದೆ. ಆ ಕೆಲಸ ಆಮೇಲೆ ನಿಂತುಹೋಯಿತು. 2017ರಲ್ಲಿ ಅದೇ ಪೋಷಣಾ ಸಂಸ್ಥೆ ನಮ್ಮ ದೇಶದ 528 ಆಹಾರಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಪಟ್ಟಿ ಪ್ರಕಟಿಸಿತು. ಅಷ್ಟು ಒಳ್ಳೆಯ ಪಟ್ಟಿ ಇಟ್ಟುಕೊಂಡು ನಾವು ಅದಕ್ಕೆ ಗುಣಿಸುತ್ತಿರುವುದು ‘ಒಂದು ಬಟ್ಟಲು ಇರಬಹುದು’ ಎಂಬುದನ್ನು.

ಆ ಗುರುವಾರದ ನಂತರ ನಾನೇ ಮನೆಯಲ್ಲಿ ಒಂದು ವಾರ ತೂಗಿ ನೋಡಿದೆ. ಅಡುಗೆಮನೆಯ ಸಣ್ಣ ತಕ್ಕಡಿ ಇತ್ತು. ಒಂದು ಮಧ್ಯಾಹ್ನ ಬಟ್ಟಲಿಗೆ ಹಾಕಿದ ಕಲಸಿದನ್ನ 140 ಗ್ರಾಂ. ಬಟ್ಟಲಲ್ಲಿ ಉಳಿದದ್ದು 65. ನೆಲದ ಮೇಲಿನದು, ಫ್ರಾಕಿನ ಮೇಲಿನದು, ಕೂದಲಲ್ಲಿ ಸಿಕ್ಕಿದ್ದು ಎಲ್ಲ ಗೋರಿ ಹಾಕಿದರೆ 20. ಹೊಟ್ಟೆಗೆ ಹೋದದ್ದು 55. ಯಾರಾದರೂ ಕೇಳಿದ್ದರೆ ನಾನು ಧೈರ್ಯವಾಗಿ ‘ಒಂದು ಬಟ್ಟಲು, ಸ್ವಲ್ಪ ಬಿಟ್ಟಳು’ ಅನ್ನುತ್ತಿದ್ದೆ. ಆದರೆ ಇದರಲ್ಲೂ ಒಂದು ಎಡವಟ್ಟು ಕಂಡಿತು, ಹೇಳಿಬಿಡುತ್ತೇನೆ. ಮೂರನೇ ದಿನಕ್ಕೆ ನಾನು ತಕ್ಕಡಿಗೋಸ್ಕರ ತಿನ್ನಿಸಲು ಶುರು ಮಾಡಿದ್ದೆ. ಇನ್ನೊಂದು ತುತ್ತು, ಇನ್ನೊಂದು ತುತ್ತು. ಮಗಳು ಬಾಯಿ ಬಿಗಿ ಹಿಡಿದಳು. ಅತ್ತೆ “ಏನು ನೀನು ಅಡಿಕೆ ತೂಗ್ತಿದೀಯಾ?” ಎಂದು ತಕ್ಕಡಿ ಎತ್ತಿಟ್ಟರು. ತೂಗುವುದಕ್ಕೆ ಕೂತರೆ ಊಟವೇ ಬದಲಾಗುತ್ತದೆ. ಹಾಗಾಗಿ ಎಲ್ಲರ ಮನೆಯಲ್ಲೂ ತೂಗಿಸಿ ಎಂದು ನಾನು ಕೇಳುವುದಿಲ್ಲ. ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ ಬೆರೆಸಿದ ನೀರು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡಿ, ದೇಹ ಎಷ್ಟು ಶಕ್ತಿ ಖರ್ಚು ಮಾಡಿತು ಎಂದು ಕರಾರುವಾಕ್ಕಾಗಿ ಹೇಳುವ ವಿಧಾನವೂ ಇದೆ. ಅದು ಬಲು ದುಬಾರಿ, ಮೇಲಾಗಿ ಶಕ್ತಿ ಎಷ್ಟು ಎಂದು ಹೇಳುತ್ತದೆಯೇ ಹೊರತು ಅದು ಮೊಟ್ಟೆಯಿಂದ ಬಂತೋ ಪ್ಯಾಕೆಟ್ಟಿನಿಂದ ಬಂತೋ ಹೇಳುವುದಿಲ್ಲ. ಮಗುವಿನ ತೋಳಿನ ಸುತ್ತಳತೆ ನೋಡುವ ಪಟ್ಟಿಯೂ ಹಾಗೇ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಗು ತೀರಾ ಸೊರಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಯಾಕೆ ಸೊರಗಿತು ಎಂದು ತಿಳಿಯಲು ಮತ್ತೆ ಮನೆಯವರನ್ನೇ ಕೇಳಬೇಕು. ಸುತ್ತಿ ಬಳಸಿ ಬಾಯಿಮಾತಿಗೇ ಬರುತ್ತೇವೆ. ಹಾಗಿದ್ದಾಗ ಕೇಳುವುದನ್ನಾದರೂ ಸರಿಯಾಗಿ ಕೇಳಿ.

ಮೊದಲನೆಯದು, ತಿನ್ನಿಸಿದ ಕೈಯನ್ನು ಕೇಳಿ. ತಾಯಿಯ ಹೆಸರು ಫಾರಂನಲ್ಲಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ, ಡಿಸೆಂಬರ್ ಜನವರಿಯಲ್ಲಿ, ಸಕಲೇಶಪುರದ ತೋಟದ ಲೈನಿಗೆ ಹೋಗಿ ನೋಡಿ. ತಾಯಿ ಬೆಳಗ್ಗೆಯೇ ಹೋಗಿರುತ್ತಾಳೆ, ಸಂಜೆ ಬರುತ್ತಾಳೆ. ಮಗು ಅಜ್ಜಿಯ ಕೈಯಲ್ಲೋ ಹತ್ತು ವರ್ಷದ ಅಕ್ಕನ ಕೈಯಲ್ಲೋ ಇರುತ್ತದೆ. ಆ ಅಕ್ಕನಿಗೆ ಗೊತ್ತಿರುವಷ್ಟು ಊರಿನ ಯಾವ ಡಾಕ್ಟರಿಗೂ ಗೊತ್ತಿರುವುದಿಲ್ಲ, ಯಾವ ತುತ್ತನ್ನು ಯಾವ ಕಥೆ ಹೇಳಿ ನುಂಗಿಸಿದೆ ಎಂದು ಹೇಳುತ್ತಾಳೆ. ಅವಳನ್ನು ಕೇಳಲು ಫಾರಂನಲ್ಲಿ ಜಾಗವೇ ಇಲ್ಲ. ತಂದೆ ತಾಯಿ ಮನೆಯಲ್ಲಿ ತಮ್ಮ ಕಣ್ಣೆದುರು ತಿಂದದ್ದನ್ನು ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತಾರೆ, ಮನೆಯಾಚೆ ತಿಂದದ್ದರಲ್ಲಿ ಎಡವುತ್ತಾರೆ ಎಂಬುದು ಈ ವಿಷಯ ಓದಿದವರಿಗೆ ಹಳೇ ಸುದ್ದಿ.

ನನ್ನ ಮಗ ಅಂಗನವಾಡಿಗೆ ಹೋಗುತ್ತಾನೆ. ಅಲ್ಲಿ ಏನು ತಿಂದ ಎಂದು ನನಗೆ ಗೊತ್ತಾಗುವುದು ಅವನ ಅಂಗಿ ನೋಡಿ. ಕೇಳಿದರೆ ದಿನಾ ‘ಪಾಯಸ’ ಅನ್ನುತ್ತಾನೆ. ಆ ವಯಸ್ಸಿನ ಮಾತನ್ನು ನಂಬಿ ಲೆಕ್ಕ ಬರೆಯಲಾಗದು. ನಮ್ಮ ರಾಜ್ಯದಲ್ಲಿ 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಶುರುವಾದ ಈ ಅಂಗನವಾಡಿ ಯೋಜನೆಯಲ್ಲಿ ಒಂದು ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂಬ ಲೆಕ್ಕ ಬಹುಕಾಲ ಇತ್ತು. 2013ರಿಂದ ಕ್ಷೀರ ಭಾಗ್ಯದ ಹಾಲೂ ಸೇರಿದೆ. ಒಳ್ಳೆಯದೇ. ಆದರೆ ಅದೂ ‘ಕೊಟ್ಟಿದ್ದು’. ಚಿಕ್ಕವಳ ಹೆಸರಿನಲ್ಲಿ ಮನೆಗೆ ಬರುವ ಹಿಟ್ಟಿನಿಂದ ಅತ್ತೆ ಉಂಡೆ ಮಾಡುತ್ತಾರೆ, ಅರ್ಧ ಅಣ್ಣನ ಹೊಟ್ಟೆಗೆ, ಒಂದು ನನಗೆ. ಮನೆಯೊಳಗೆ ಬಂದ ತಿಂಡಿಗೆ ಒಬ್ಬರ ಹೆಸರು ಬರೆದಿಡಲು ಆಗುತ್ತದಾ? ಹಾಗಂತ ಇದನ್ನೂ ಬರೆಯಿರಿ ಎಂದು ಅಂಗನವಾಡಿ ಮಿಸ್‌ಗಳ ಮೇಲೆ ಮತ್ತೊಂದು ಪುಸ್ತಕ ಹೊರಿಸಬೇಡಿ, ಕೈ ಮುಗಿಯುತ್ತೇನೆ. ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಮೇಲೆ ಅವರು ಮಕ್ಕಳ ಮುಖ ನೋಡುವುದಕ್ಕಿಂತ ಫೋನಿನ ಮುಖ ನೋಡುವುದೇ ಜಾಸ್ತಿಯಾಗಿದೆ. ಸಮೀಕ್ಷೆಗೆ ಬಂದವರೇ ಅಲ್ಲಿಗೆ ಹೋಗಿ ಹತ್ತು ನಿಮಿಷ ಕೂತು ಆಯಮ್ಮನನ್ನು ಕೇಳಲಿ. ಯಾರು ತಟ್ಟೆ ಖಾಲಿ ಮಾಡುತ್ತಾರೆ, ಯಾರು ಮೊಟ್ಟೆ ಜೇಬಿಗಿಳಿಸುತ್ತಾರೆ, ಅವರಿಗೆ ಎಲ್ಲ ಗೊತ್ತು.

ಎರಡನೆಯದು, ಒಂದು ದಿನ ಸಾಲದು. ಸಮೀಕ್ಷೆಯವರಿಗೆ ಭಾನುವಾರ ರಜೆ. ಹಾಗಾಗಿ ಶನಿವಾರ ಏನು ತಿಂದಿರಿ ಎಂದು ಸಾಮಾನ್ಯವಾಗಿ ಯಾರೂ ಕೇಳುವುದೇ ಇಲ್ಲ! ಸೋಮವಾರ ಹೋದರೆ ನಿನ್ನೆ ಭಾನುವಾರ, ನಮ್ಮ ಕಡೆ ಎಷ್ಟೋ ಮನೆಯಲ್ಲಿ ಬಾಡೂಟ, ಮಗುವಿಗೂ ಒಂದು ಚೂರು. ಮಂಗಳವಾರ ಹೋದರೆ ನಿನ್ನೆ ಸೋಮವಾರ, ಶಿವನ ವಾರ, ಅದೇ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಶ್ರಾವಣ ಬಂದರೆ ತಿಂಗಳಿಡೀ ಇಲ್ಲದ ಮನೆಗಳುಂಟು. ಅವರೆಕಾಯಿ ಕಾಲದಲ್ಲಿ ಬಂದರೆ ಎಲ್ಲರ ಮನೆಯಲ್ಲೂ ಕಾಳು, ಆಲೂಗಡ್ಡೆ ಕೀಳುವಾಗ ಬಂದರೆ ಮೂರು ಹೊತ್ತೂ ಆಲೂಗಡ್ಡೆ. ಸಾವಿರಾರು ಮನೆ ಸೇರಿಸಿ ಜಿಲ್ಲೆಯ ಸರಾಸರಿ ತೆಗೆಯುವುದಾದರೆ ಒಂದು ದಿನದ ಲೆಕ್ಕ ನಡೆಯುತ್ತದೆ, ಅದೂ ವಾರದ ಎಲ್ಲ ದಿನಗಳನ್ನು ಹಂಚಿಕೊಂಡು ಕೇಳಿದ್ದರೆ. ಆದರೆ ಒಂದು ಮಗುವಿನ ಬಗ್ಗೆ, ಒಬ್ಬ ತಾಯಿಯ ಬಗ್ಗೆ ಆ ಒಂದು ದಿನದಿಂದ ಏನನ್ನೂ ಹೇಳಬೇಡಿ. ಕೊನೇ ಪಕ್ಷ ಮೂರು ದಿನ ಕೇಳಿ, ಅದರಲ್ಲಿ ಒಂದು ರಜಾದಿನ ಇರಲಿ. ನಾನು ಟ್ಯಾಬ್ ಹಿಡಿದಿದ್ದ ಕಾಲದಲ್ಲಿ ಒಬ್ಬ ಮೇಲಿನವರು ಫಾರಂ ನೋಡಿ ‘ಈ ಮನೆಯವಳಿಗೆ ಸ್ವಲ್ಪ ಬುದ್ಧಿ ಹೇಳಿ ಬನ್ನಿ’ ಎಂದು ನನ್ನನ್ನು ವಾಪಸ್ ಕಳಿಸಿದ್ದರು. ಹೋದೆ, ಹೇಳಿದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮುಂದಿನ ಸಲ ಅದೇ ಮನೆಗೆ ಹೋದಾಗ ಎಲ್ಲ ಪ್ರಶ್ನೆಗೂ ‘ಕೊಟ್ಟಿದ್ದೀನಿ, ಕೊಟ್ಟಿದ್ದೀನಿ’. ನಾನು ಎಲ್ಲದಕ್ಕೂ ಟಿಕ್ ಹಾಕಿದೆ. ಆ ಮಗುವಿನ ಕೈಕಾಲು ಮಾತ್ರ ಹೋದ ಸಲ ಇದ್ದ ಹಾಗೇ ಇದ್ದವು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರನೆಯದು ತೀರಾ ಸುಲಭ, ಖರ್ಚಿಲ್ಲ. ‘ಎಷ್ಟು ಕೊಟ್ಟಿರಿ’ ಆದ ಮೇಲೆ ‘ಎಷ್ಟು ಉಳೀತು, ಉಳಿದದ್ದು ಯಾರು ತಿಂದರು’ ಎಂದು ಕೇಳಿ. ಬೇಕಾದರೆ ಅವರ ಮನೆಯ ಬಟ್ಟಲನ್ನೇ ತರಿಸಿ, ಇದರಲ್ಲಿ ಎಲ್ಲಿವರೆಗೆ ಎಂದು ಬೆರಳಿಟ್ಟು ತೋರಿಸಲಿ. ಈ ಪ್ರಶ್ನೆಗೆ ನಮ್ಮ ಹೆಂಗಸರು ನಗುತ್ತಾರೆ. ನಕ್ಕ ಮೇಲೆ ನಿಜ ಹೇಳುತ್ತಾರೆ. ಮಕ್ಕಳು ಬಿಟ್ಟದ್ದನ್ನು ತಿಂದೂ ತಿಂದೂ ದಪ್ಪ ಆದೆ ಎಂದು ಗೊಣಗದ ತಾಯಿ ಯಾವ ಊರಲ್ಲಿ ಇದ್ದಾಳೆ?

ನಮ್ಮ ಮನೆಗೆ ಇನ್ನೊಮ್ಮೆ ಬರುವುದಿದ್ದರೆ ಹನ್ನೊಂದು ಗಂಟೆಗೆ ಬೇಡ, ಸಂಜೆ ಆರಕ್ಕೆ ಬನ್ನಿ. ಅತ್ತೆ ಇರುತ್ತಾರೆ, ಮಾವನೂ ವಾಕಿಂಗ್ ಮುಗಿಸಿ ಬಂದಿರುತ್ತಾರೆ, ಪ್ಯಾಕೆಟ್ ವಿಷಯ ಅವರನ್ನೇ ಕೇಳಿ, ನಾನು ಕೇಳಿದರೆ ಜಗಳ ಆಗುತ್ತದೆ. ಅಷ್ಟರೊಳಗೆ ಆ ಹುಡುಗಿ ಸಿಕ್ಕರೆ ಒಂದು ತಿದ್ದುಪಡಿ ಮಾಡಿಸಿ. ಹೋದ ತಿಂಗಳ ಬುಧವಾರದ ಲೆಕ್ಕದಲ್ಲಿ ಸೊಪ್ಪು, ಬಾಳೆಹಣ್ಣು ಎರಡನ್ನೂ ಹೊಡೆದುಹಾಕಲಿ. ಮೊಟ್ಟೆ ಎಂದಿರುವ ಕಡೆ ‘ಬಿಳಿ ಭಾಗ, ಅರ್ಧ’ ಎಂದು ಬರೆಯಲಿ.

ಇತಿ,
ಹಾಸನದಿಂದ ಒಬ್ಬ ತಾಯಿ